ಬೆಲ್ಲು, ಬಿಲ್ಲೆ, ಡೈನಮೋ

ಹಳೆ ಸೈಕಲ್ಲು ಗುಜರಿ ಸೇರಿದ ಕೂಡಲೇ ಮೊದಲು ಕಳಚುವುದು ಅದರ ಒಡವೆ. ಬೆಲ್ಲು ಒಬ್ಬರ ಪಾಲು, ಡೈನಮೋ ಇನ್ನೊಬ್ಬರ ಪಾಲು. ಹಿತ್ತಾಳೆ ಪಂಪು ಬೆಂಗಳೂರಿನ ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ನೆಲಕ್ಕೆ ಹಾಸಿದ ಹಾಳೆಯ ಮೇಲೆ ಬಂದು ಕೂರುತ್ತದೆ. ಉಳಿದ ಫ್ರೇಮು ತೂಕಕ್ಕೆ. ಅದನ್ನು ಕೊಂಡವರು ಕಪ್ಪು ಬಣ್ಣ ಹೊಡೆಸಿ, ಹೊಸ ಸ್ಟಿಕ್ಕರ್ ಅಂಟಿಸಿ, ‘ಅಜ್ಜನ ಕಾಲದ್ದು’ ಎಂದು ಹೋಟೆಲಿನ ಗೋಡೆಗೆ ನೇತುಹಾಕುತ್ತಾರೆ. ನೋಡಲು ಚೆಂದವೇ. ಆದರೆ ಅದು ಯಾವ ಕಾಲದ್ದು, ಯಾವ ಊರಿನಲ್ಲಿ ಓಡಿತ್ತು ಎಂದು ಹೇಳಬಲ್ಲ ಸಾಮಾನೆಲ್ಲ ಅಷ್ಟರಲ್ಲಿ ದಿಕ್ಕಾಪಾಲಾಗಿರುತ್ತದೆ.

ಬಣ್ಣ ಹೋದರೂ ಕಂಪನಿಯ ಗುರುತು ಚೈನ್ ವೀಲಿನಲ್ಲಿ ಉಳಿದಿರುತ್ತದೆ. ಅದರೊಳಗೆ ಕೊಕ್ಕರೆಯ ತಲೆಗಳಿದ್ದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರ‍್ಯಾಲೆ, ಅಂಗೈ ಇದ್ದರೆ ರಡ್ಜ್. ಮುಂದಿನ ಫೋರ್ಕಿನ ಎರಡೂ ಕಡೆ ಜೋಡಿ ಕೊಳವೆ ಕಂಡರೆ ಹಂಬರ್ ಎಂದು ದೂರದಿಂದಲೇ ಹೇಳಬಹುದು. ವಯಸ್ಸು ತಿಳಿಯಬೇಕಾದರೆ ಹಿಂದಿನ ಚಕ್ರದ ಹಬ್ಬಿಗೆ ಹೋಗಬೇಕು. ಸ್ಟರ್ಮೆ ಆರ್ಚರ್ ಕಂಪನಿ 1936ರಲ್ಲಿ ತಂದ ‘ಎಡಬ್ಲ್ಯೂ’ ಎಂಬ ಮೂರು ಗೇರಿನ ಹಬ್ಬಿದ್ದರಂತೂ ಅದೃಷ್ಟ. ದಶಕಗಳ ಗ್ರೀಸು, ಕೆಮ್ಮಣ್ಣು ಸೇರಿ ಗಟ್ಟಿಯಾದ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಆ ಅಕ್ಷರಗಳ ಬಳಿ ಇಸವಿಯ ಅಂಕಿ, ತಿಂಗಳ ಅಂಕಿ ಮೂಡುತ್ತವೆ. ಅದು ಹಬ್ಬು ತಯಾರಾದ ತಿಂಗಳು, ಸೈಕಲ್ಲಿನದಲ್ಲ. ನಡುವೆ ಎಂದೋ ಚಕ್ರ ಬದಲಾಗಿರಬಹುದು. ಮಾರುವವರು ಇದನ್ನು ಹೇಳುವುದಿಲ್ಲ.

ರಿಪೇರಿಯ ಮಟ್ಟಿಗೆ ನಾವು ಪುಣ್ಯವಂತರು. 28 ಇಂಚು ಚಕ್ರ, ಕಂಬಿ ಬ್ರೇಕು, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿಯ ಆ ಇಂಗ್ಲಿಷ್ ನಮೂನೆಯನ್ನೇ ಅಸನ್ಸೋಲಿನ ಸೆನ್ ರ‍್ಯಾಲೆ, ಮದ್ರಾಸಿನ ಟಿಐ, ಸೋನಿಪತ್ತಿನ ಅಟ್ಲಾಸ್ ಮುಂದುವರಿಸಿದವು. ಹಾಗಾಗಿ ಟೈರು, ಕಡ್ಡಿ, ಬ್ರೇಕಿನ ರಬ್ಬರಿಗೆ ಇವತ್ತಿಗೂ ಪರದಾಡಬೇಕಿಲ್ಲ. ತೊಡಕು ಬರುವುದು ಪೆಡಲಿನ ನಡುವಿನ ಬಾಟಮ್ ಬ್ರಾಕೆಟ್ಟಿನಲ್ಲಿ. ಬೇರೆಯವರೆಲ್ಲ ಇಂಚಿಗೆ 24 ಥ್ರೆಡ್ ಕೊರೆದರೆ ನಾಟಿಂಗ್‌ಹ್ಯಾಮಿನವರು 26 ಕೊರೆದರು. ಹಾಗಾಗಿ ಹೊಸ ಬೇರಿಂಗ್ ಕಪ್ಪು ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ‘ಹೊಡೆದು ಕೂರಿಸ್ತೀನಿ ಬಿಡಿ ಸಾರ್’ ಎಂದು ಮೇಸ್ತ್ರಿ ಸುತ್ತಿಗೆ ಎತ್ತಿದರೆ ತಕ್ಷಣ ಕೈ ಹಿಡಿಯಿರಿ. ಹಳೆ ಕಪ್ಪು ಸವೆದಿದ್ದರೂ ಅದನ್ನೇ ತೊಳೆದು ಹೊಸ ಬಾಲ್ಸು ತುಂಬುವುದು ಮೇಲು.

ತುಕ್ಕಿಗೆ ಎಮರಿ ಪೇಪರ್ ಹಾಕಿ ತಿಕ್ಕುವುದೂ ಇಂಥದೇ ಆತುರ. ತುಕ್ಕಿನ ಜತೆ ಕ್ರೋಮೂ ಹೋಗುತ್ತದೆ. ರಿಮ್ಮು, ಹ್ಯಾಂಡಲ್ಲುಗಳನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಒಂದು ರಾತ್ರಿ ನೆನೆಹಾಕಿದರೆ ತುಕ್ಕು ಬಿಡುತ್ತದೆ, ಕ್ರೋಮು ಉಳಿಯುತ್ತದೆ. ಕೈಗವಸು ಬೇಕು, ಆಮೇಲೆ ಸೋಡಾ ನೀರಿನಲ್ಲಿ ತೊಳೆಯಬೇಕು. ಫ್ರೇಮಿನ ಮೇಲಿನ ಚಿನ್ನದ ಗೆರೆಗಳ ಹತ್ತಿರ ಮಾತ್ರ ಆ ಆಮ್ಲದ ನೀರು ಸುಳಿಯಬಾರದು. ಅರ್ಧ ಅಳಿಸಿದ ಅಸಲಿ ಗೆರೆಯ ಮುಂದೆ ಫಳಫಳ ಹೊಸ ಬಣ್ಣ ನನಗಂತೂ ಸಪ್ಪೆ.

ಬಿಡಿ ಸಾಮಾನುಗಳಲ್ಲಿ ಎಲ್ಲಕ್ಕಿಂತ ನಾಜೂಕಿನದು ಡೈನೋಹಬ್. ಟೈರಿಗೆ ಉಜ್ಜಿಕೊಂಡು ಗುಂಯ್‌ಗುಡುವ ಬಾಟಲಿ ಡೈನಮೋ ಎಲ್ಲರಿಗೂ ಗೊತ್ತು. ಇದು ಹಾಗಲ್ಲ, ಚಕ್ರದ ಹಬ್ಬಿನೊಳಗೇ ಅಡಗಿ ಸದ್ದಿಲ್ಲದೆ 6 ವೋಲ್ಟ್ ಕೊಡುತ್ತದೆ. ಒಳಗೆ ಉಂಗುರದಂಥ ಅಯಸ್ಕಾಂತ, ಅದರ ನಡುವೆ ತಂತಿ ಸುತ್ತಿದ ಆರ್ಮೇಚರ್. ಕುತೂಹಲಕ್ಕೆಂದು ಎರಡನ್ನೂ ಬೇರ್ಪಡಿಸಿದಿರೋ, ಕೆಲಸ ಕೆಟ್ಟಿತು. ಕಾಂತರೇಖೆಗಳು ಹಾಯಲು ನಡುವೆ ಕಬ್ಬಿಣವಿಲ್ಲದೆ ಆ ಕಾಲದ ಅಯಸ್ಕಾಂತ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಜೋಡಿಸಿದರೂ ದೀಪ ಮಿಣುಕಷ್ಟೆ. ಬಿಚ್ಚಲೇಬೇಕಾದರೆ ಆರ್ಮೇಚರ್ ಹೊರಬರುತ್ತಿದ್ದಂತೆಯೇ ಅದೇ ಅಳತೆಯ ಕಬ್ಬಿಣದ ಬಿಲ್ಲೆ ಒಳಗೆ ಸರಿಯಬೇಕು. ಅನೇಕ ಸಲ ಅಷ್ಟು ರಗಳೆ ಬೇಕಾಗುವುದಿಲ್ಲ. ಹೊರಗಿನ ಎರಡು ತಂತಿ ತುದಿಗಳ ಹಸಿರು ಕಿಲುಬು ಕೆರೆದು ಹೊಸ ವೈರು ಬಿಗಿದರೆ ಸಾಕು.

ದೀಪಕ್ಕೆ ಇಷ್ಟೇಕೆ ಮರ್ಯಾದೆ ಎಂದರೆ ಅದಿಲ್ಲದೆ ಸಂಜೆ ಮೇಲೆ ಪೇಟೆಗೆ ಹೋಗುವಂತಿರಲಿಲ್ಲ. ಪೊಲೀಸರು ಹಿಡಿದರೆ ದಂಡ, ಇಲ್ಲವೇ ಚಕ್ರದ ಗಾಳಿ ಬಿಡುವುದು. ಡಬಲ್ ರೈಡಿಗೂ ಅದೇ ಗತಿ. ಜತೆಗೆ ಪುರಸಭೆಗೋ ಪಂಚಾಯಿತಿಗೋ ವರ್ಷದ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಪಡೆದು ಸೈಕಲ್ಲಿಗೆ ಬಿಗಿಯಬೇಕಿತ್ತು. ಊರ ಹೆಸರು, ಇಸವಿ, ನಂಬರು ಅದರ ಮೇಲೆ ಒತ್ತಿರುತ್ತಿತ್ತು. ಈಗ ಆ ಬಿಲ್ಲೆಗಳು ಹಳೆ ನಾಣ್ಯ ಮಾರುವವರ ಡಬ್ಬಿಯಲ್ಲಿ ಸಿಗುತ್ತವೆ. ಸೈಕಲ್ಲಿನೊಂದಿಗೆ ಬಂದ ಬಿಲ್ಲೆಯನ್ನು ದಯವಿಟ್ಟು ಪಾಲಿಶ್ ಮಾಡಬೇಡಿ, ಒತ್ತಿದ ಅಂಕಿ ಸವೆಯುತ್ತದೆ.

ಕೊನೆಗೆ ಉಳಿಯುವ ಜಗಳ ಬಲ್ಬಿನದು. ಹಳೆ ಲ್ಯಾಂಪಿಗೆ ಎಲ್‌ಇಡಿ ಹಾಕುವುದು ಅಪಚಾರ ಎನ್ನುವ ಸಂಗ್ರಾಹಕರಿದ್ದಾರೆ. ಗೋಡೆಗೆ ನೇತುಹಾಕುವ ಸೈಕಲ್ಲಿಗೆ ಆ ಮಾತು ಸರಿ. ರಸ್ತೆಗಿಳಿಯುವುದಾದರೆ ಹಿಂದಿನಿಂದ ಬರುವ ಲಾರಿಯವನಿಗೆ ನೀವು ಕಾಣಬೇಕು; ಹಾಕಿಸಿ. ಹಳೆ ಹೋಲ್ಡರನ್ನು ಕತ್ತರಿಸದಂತೆ ಮೇಸ್ತ್ರಿಗೆ ಮೊದಲೇ ಹೇಳಿದ್ದರಾಯಿತು.