ಪುಸ್ತಕಗಳ ಗೋಪುರ, ಕನ್ನಡಿಯ ಪಾತಾಳ

ಪುಸ್ತಕಕ್ಕೆ ಕಾಲು ತಗುಲಿದರೆ ಕೂಡಲೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಬಾಲ್ಯದಿಂದ ಬಂದ ಅಭ್ಯಾಸ. ಅಂಥ ಪುಸ್ತಕಗಳನ್ನು ಇಟ್ಟಿಗೆಗಳಂತೆ ಪೇರಿಸಿ ಗೋಪುರ ಕಟ್ಟಿದರೆಂದು ಕೇಳಿದಾಗ ಮನಸ್ಸಿಗೆ ಕಸಿವಿಸಿಯಾಗುವುದು ಸಹಜವೇ. ಆದರೆ ಪ್ರಾಗ್ ನಗರದಲ್ಲಿ ಇಂಥದೊಂದು ಗೋಪುರ ಎದ್ದು ನಿಂತದ್ದು ಪುಸ್ತಕಗಳ ಮನೆಯಲ್ಲಿಯೇ, ನಗರ ಗ್ರಂಥಾಲಯದ ಪ್ರವೇಶಾಂಗಣದಲ್ಲಿ. ಸ್ಲೊವಾಕಿಯದ ಕಲಾವಿದರಾದ ಮತೇಯ್ ಕ್ರೇನ್ ಅವರು ಸುಮಾರು 8000 ಪುಸ್ತಕಗಳಿಂದ ರಚಿಸಿದ ಈ ಶಿಲ್ಪವು 1998ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಅದರ ಹೆಸರು ‘ಇಡಿಯಮ್’. ನುಡಿಗಟ್ಟು ಎಂದು ಅರ್ಥ.

ಬಾವಿಯ ಸುತ್ತುಗೋಡೆಯನ್ನು ನೆಲದ ಮೇಲೆ ಎತ್ತಿ ನಿಲ್ಲಿಸಿದಂತೆ ಇದರ ಆಕಾರ. ಒಂದು ಪಕ್ಕದಲ್ಲಿ ನೀರಿನ ಹನಿಯಂಥ ಕಂಡಿಯೊಂದಿದೆ. ಅದರಲ್ಲಿ ತಲೆ ತೂರಿಸಿ ಕೆಳಗೆ ನೋಡಿದರೆ ಪುಸ್ತಕಗಳ ಗೋಡೆ ಪಾತಾಳದವರೆಗೂ ಇಳಿದುಹೋದಂತೆ ತೋರುತ್ತದೆ. ಮೇಲೆ ನೋಡಿದರೂ ಅದೇ ಕಥೆ, ಕೊನೆಯೆಂಬುದಿಲ್ಲ. ಚಾವಣಿಯಷ್ಟೇ ಎತ್ತರದ ಗೋಪುರಕ್ಕೆ ಇಷ್ಟು ಆಳ ಎಲ್ಲಿಂದ ಬಂತು? ಇಷ್ಟೊಂದು ಪುಸ್ತಕಗಳ ಭಾರವನ್ನು ತಳದ ಪುಸ್ತಕ ಹೇಗೆ ತಾಳಿಕೊಳ್ಳುತ್ತದೆ? ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ.

ಭಾರದ ಲೆಕ್ಕ

ಪುಸ್ತಕವೊಂದು ಸರಾಸರಿ ಅರ್ಧ ಕಿಲೋಗ್ರಾಂ ತೂಗುವುದೆಂದಿಟ್ಟುಕೊಂಡರೆ 8000 ಪುಸ್ತಕಗಳ ತೂಕ 4000 ಕಿಲೋಗ್ರಾಂ, ಅಂದರೆ 4 ಟನ್ನು. ಸಂಖ್ಯೆ ಹೆದರಿಸುತ್ತದೆ. ಆದರೆ ತಳದ ಪುಸ್ತಕ ಇಡೀ ಗೋಪುರವನ್ನು ಹೊರುವುದಿಲ್ಲ. ತನ್ನ ನೆತ್ತಿಯ ಮೇಲಿರುವ ಕಂಬವನ್ನಷ್ಟೆ ಹೊರುತ್ತದೆ. ಕಾಗದದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.8 ಗ್ರಾಂ. ಗೋಪುರದ ಎತ್ತರ 5 ಮೀಟರ್ ಎಂದು ಊಹಿಸಿದರೆ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 500 × 0.8, ಅಂದರೆ 400 ಗ್ರಾಂ. ಗಾಳಿಯಾದರೋ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1000 ಗ್ರಾಂ ಭಾರ ಹೇರುತ್ತದೆ! ತಳದ ಪುಸ್ತಕದ ಮೇಲಿನ ಹೊರೆ ನಾವೆಲ್ಲರೂ ಅರಿವಿಲ್ಲದೆ ಹೊತ್ತುಕೊಂಡು ತಿರುಗುವ ವಾಯುಮಂಡಲದ ಒತ್ತಡದ ಅರ್ಧಕ್ಕಿಂತಲೂ ಕಡಮೆ.

ಆದುದರಿಂದ ಪುಸ್ತಕ ಅಪ್ಪಚ್ಚಿಯಾಗುವ ಭಯವಿಲ್ಲ. ನಿಜವಾದ ಭಯ ಗೋಡೆ ವಾಲುವುದು. ಇಲ್ಲಿ ದುಂಡನೆಯ ಆಕಾರ ನೆರವಿಗೆ ಬರುತ್ತದೆ. ಒಂದು ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಲು ಯತ್ನಿಸಿರಿ, ಬಾಗಿ ಬೀಳುತ್ತದೆ. ಅದನ್ನೇ ಸುರುಳಿ ಸುತ್ತಿ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ.

ಬೆಳಕಿನ ಲೆಕ್ಕ

ಇನ್ನು ಪಾತಾಳದ ರಹಸ್ಯ. ಗೋಪುರದ ಒಳಗೆ ತಳದಲ್ಲೊಂದು, ನೆತ್ತಿಯಲ್ಲೊಂದು ಕನ್ನಡಿಯನ್ನು ಎದುರುಬದುರಾಗಿ ಇಟ್ಟಿದ್ದಾರೆ. ಕೆಳಗಿನ ಕನ್ನಡಿಯಲ್ಲಿ ಗೋಪುರದ ಪ್ರತಿಬಿಂಬ ಮೂಡುತ್ತದೆ, ಮೇಲಿನ ಕನ್ನಡಿಯಲ್ಲಿ ಆ ಪ್ರತಿಬಿಂಬದ ಪ್ರತಿಬಿಂಬ, ಹೀಗೆಯೇ ಮುಂದುವರಿಯುತ್ತದೆ. ಒಂದೊಂದು ಪ್ರತಿಫಲನವೂ ಗೋಪುರಕ್ಕೆ ಒಂದೊಂದು ಅಂತಸ್ತನ್ನು ಕೂಡಿಸುತ್ತದೆ. ಕನ್ನಡಿಗಳ ನಡುವಣ ಅಂತರ 5 ಮೀಟರಾದರೆ 20ನೆಯ ಅಂತಸ್ತು 100 ಮೀಟರ್ ಆಳಕ್ಕೆ ಇಳಿದಿರುತ್ತದೆ. ಬೆಸಸಂಖ್ಯೆಯ ಅಂತಸ್ತುಗಳಲ್ಲಿ ಪುಸ್ತಕಗಳ ಹೆಸರು ಕನ್ನಡಿಯಕ್ಷರದಲ್ಲಿರುತ್ತವೆ; ಸಮಸಂಖ್ಯೆಯವುಗಳಲ್ಲಿ ಎರಡನೆಯ ಪ್ರತಿಫಲನವು ಮೊದಲಿನದರ ತಪ್ಪನ್ನು ತಿದ್ದಿದಂತೆ ಅಕ್ಷರಗಳು ಮತ್ತೆ ಸರಿಯಾಗುತ್ತವೆ.

ಹಾಗಾದರೆ ಈ ಆಳ ಅನಂತವೇ? ಅಲ್ಲ. ಯಾವ ಕನ್ನಡಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ನೂರರಲ್ಲಿ 90 ಭಾಗವನ್ನು ಹಿಂದಿರುಗಿಸುವ ಕನ್ನಡಿಯನ್ನು ತೆಗೆದುಕೊಂಡರೆ, 10 ಪ್ರತಿಫಲನಗಳ ಬಳಿಕ 35 ಭಾಗ ಉಳಿಯುತ್ತದೆ; 20ರ ಬಳಿಕ 12 ಭಾಗ; 50ರ ಬಳಿಕ ಅರ್ಧ ಭಾಗ ಮಾತ್ರ. ಸಾಮಾನ್ಯ ಗಾಜಿನಲ್ಲಿ ತುಸು ಕಬ್ಬಿಣದ ಅಂಶವಿರುವುದರಿಂದ ಅದು ಹಸುರು ಬೆಳಕನ್ನು ಉಳಿದ ಬಣ್ಣಗಳಿಗಿಂತ ಸರಾಗವಾಗಿ ಹಾಯಗೊಡುತ್ತದೆ. ಆದಕಾರಣ ಎದುರುಬದುರು ಕನ್ನಡಿಗಳಲ್ಲಿ ಆಳಕ್ಕೆ ಹೋದಷ್ಟೂ ಬಿಂಬಗಳು ಹಸುರೇರಿ ಮಸುಕಾಗುತ್ತವೆ.

ಪುಸ್ತಕದ ಲೆಕ್ಕ

ಭಾರದ ಲೆಕ್ಕ, ಬೆಳಕಿನ ಲೆಕ್ಕ ಎರಡೂ ಮುಗಿದುವು. ಮೊದಲಿನ ಕಸಿವಿಸಿಯೇನಾಯಿತು? ಪುಸ್ತಕ ಅಮರವೆಂದು ನಾವು ಭಾವಿಸಿದರೂ ಕಾಗದ ಅಮರವಲ್ಲ. 19ನೆಯ ಶತಮಾನದ ಮಧ್ಯಭಾಗದಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂತು. ಶಾಯಿ ಹರಡದಿರಲೆಂದು ಅದಕ್ಕೆ ಬೆರೆಸುತ್ತಿದ್ದ ಪಟಿಕದಿಂದ ಕಾಲಕ್ರಮದಲ್ಲಿ ಆಮ್ಲ ಹುಟ್ಟಿ ಕಾಗದದ ನಾರನ್ನು ಕತ್ತರಿಸುತ್ತದೆ. ಹಾಳೆ ಹಳದಿಯಾಗಿ, ಮಡಿಸಿದರೆ ಮುರಿಯುವಂತಾಗುತ್ತದೆ. ಹಾಗೆ ಸಾಯುವ ಪುಸ್ತಕಕ್ಕೆ ಶಿಲ್ಪದಲ್ಲಿ ಎರಡನೆಯ ಬಾಳು ದೊರೆಯಿತೆನ್ನಬಹುದು. ಆದರೆ ಗೋಡೆಯೊಳಗೆ ಸೇರಿದ ಪುಸ್ತಕವನ್ನು ಯಾರೂ ತೆರೆಯಲಾರರು ಎಂಬುದೂ ಅಷ್ಟೇ ನಿಜ.

ಇನ್ನೊಂದು ಬಗೆಯ ಪುಸ್ತಕಶಿಲ್ಪವೂ ಉಂಟು. ಜರ್ಮನಿಯ ಕಾಸೆಲ್ ನಗರದ ಫ್ರೀಡ್ರಿಕ್ಸ್ ಚೌಕದಲ್ಲಿ 1933ರ ಮೇ 19ರಂದು ನಾಜಿಗಳು ಸುಮಾರು 2000 ಪುಸ್ತಕಗಳನ್ನು ಸುಟ್ಟರು. 2017ರಲ್ಲಿ ಅದೇ ಚೌಕದಲ್ಲಿ ಅರ್ಜೆಂಟೀನದ ಮಾರ್ತಾ ಮಿನುಹೀನ್ ಅವರು ಗ್ರೀಸಿನ ಪಾರ್ಥೆನಾನ್ ದೇಗುಲದ ಮಾದರಿಯನ್ನು ಉಕ್ಕಿನ ಚೌಕಟ್ಟಿನಲ್ಲಿ ಎತ್ತಿ, ಒಂದಲ್ಲ ಒಂದು ಕಾಲದಲ್ಲಿ ನಿಷೇಧಕ್ಕೊಳಗಾದ ಪುಸ್ತಕಗಳನ್ನು ಅದಕ್ಕೆ ಹೊದಿಸಿದರು. ಮಳೆ ತಾಗದಂತೆ ಅವುಗಳಿಗೆ ಪ್ಲಾಸ್ಟಿಕ್ ಹೊದಿಕೆಯಿತ್ತು. ಪ್ರದರ್ಶನ ಮುಗಿದಾಗ ಆ ಪುಸ್ತಕಗಳನ್ನು ಜನರಿಗೆ ಹಂಚಲಾಯಿತು. ಸುಟ್ಟ ಸ್ಥಳದಿಂದಲೇ ಪುಸ್ತಕಗಳು ಮತ್ತೆ ಓದುಗರ ಕೈಸೇರಿದುವು.

ಪ್ರಾಗಿಗೆ ಹೋಗಲಾಗದವರು ಮನೆಯಲ್ಲಿಯೇ ಈ ಪ್ರಯೋಗ ಮಾಡಬಹುದು. ಎರಡು ಕನ್ನಡಿಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ಒಂದು ಪುಸ್ತಕವನ್ನಿಟ್ಟು, ಒಂದರ ಅಂಚಿನಿಂದ ಇಣಿಕಿ ನೋಡಿರಿ. ಎಷ್ಟು ಪುಸ್ತಕಗಳು ಕಾಣುತ್ತವೆಂದು ಎಣಿಸಿರಿ; ಹಸುರು ಎಲ್ಲಿಂದ ಏರುತ್ತದೆಂದು ಗಮನಿಸಿರಿ. ಎಣಿಕೆ ಮುಗಿದ ಮೇಲೆ ನಡುವಿನ ಪುಸ್ತಕವನ್ನು ಕೈಗೆತ್ತಿಕೊಳ್ಳಿರಿ. ಅಷ್ಟರಲ್ಲಿ ತೆರೆದು ಓದಲು ಬರುವುದು ಅದೊಂದೇ.