ಗೋದಾಮಿನಲ್ಲಿ ಹುಟ್ಟುವ ಅನಿಲಗಳು: ದಾಸ್ತಾನುದಾರರು ಅರಿತಿರಬೇಕಾದ ಸಂಗತಿಗಳು

ಅಡಿಗೆ ಸೋಡದ ಮೇಲೆ ನಿಂಬೆರಸ ಬಿದ್ದೊಡನೆ ನೊರೆ ಏಳುತ್ತದೆ. ಸೋಡ ಮತ್ತು ಆಮ್ಲಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುವುದೇ ಇದಕ್ಕೆ ಕಾರಣ. ಅಡಿಗೆಮನೆಯಲ್ಲಿ ನಿರಪಾಯಕರವಾದ ಇಂತಹ ಕ್ರಿಯೆ ಗೋದಾಮಿನಲ್ಲಿ ಅರಿವಿಲ್ಲದೆ ನಡೆದರೆ ಜೀವಕ್ಕೂ ಬಂಡವಾಳಕ್ಕೂ ಕುತ್ತು ತರಬಲ್ಲದು. ಒಣಗಿದ ಸ್ಥಿತಿಯಲ್ಲಿ, ಬೇರೆ ಬೇರೆಯಾಗಿ ಇಟ್ಟಾಗ ಸುಮ್ಮನಿರುವ ಸರಕು ತೇವ ಅಥವಾ ಆಮ್ಲ ತಗುಲಿದೊಡನೆ ಅಪಾಯಕಾರಿಯಾಗುತ್ತದೆ. ನಿತ್ಯ ವಹಿವಾಟಿನ ಮೂರು ಸರಕುಗಳು ಇದಕ್ಕೆ ನಿದರ್ಶನ.

ಕ್ಯಾಲ್ಸಿಯಂ ಕಾರ್ಬೈಡ್: ವೆಲ್ಡಿಂಗ್ ಘಟಕಗಳಲ್ಲಿ ಬಳಕೆಯಾಗುವ ಈ ಕಲ್ಲು ನೀರಿನೊಡನೆ ವರ್ತಿಸಿ ಅಸಿಟಲೀನ್ ಅನಿಲವನ್ನು ಬಿಡುತ್ತದೆ, ಉಳಿಯುವುದು ಸುಣ್ಣ. 1 ಕಿಲೋಗ್ರಾಂ ಕಾರ್ಬೈಡಿನಿಂದ ಸುಮಾರು 300 ಲೀಟರ್ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ. 2.5ರಷ್ಟಾದರೂ ಸ್ಫೋಟಕ್ಕೆ ಒಂದು ಕಿಡಿ ಸಾಕು. ಬೆಂಕಿ ಬಿದ್ದಾಗ ನೀರು ಸುರಿದರೆ ಅನಿಲ ಮತ್ತಷ್ಟು ಹುಟ್ಟಿ ಬೆಂಕಿ ಹೆಚ್ಚುತ್ತದೆ. ಒಣ ಮರಳನ್ನೇ ಬಳಸಬೇಕು. ಈ ಸರಕಿನ ದಾಸ್ತಾನಿಗೆ 1987ರ ಕ್ಯಾಲ್ಸಿಯಂ ಕಾರ್ಬೈಡ್ ನಿಯಮಗಳು ಅನ್ವಯಿಸುತ್ತವೆ. ಇದರಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ.

ಬ್ಲೀಚಿಂಗ್ ಪೌಡರ್: ಇದರೊಡನೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಕ್ಲೋರಿನ್ ಬಿಡುಗಡೆಯಾಗುತ್ತದೆ. ಶೌಚಾಲಯ ಶುಚಿಗೊಳಿಸಲು ಮಾರಾಟವಾಗುವ ಆಮ್ಲದಿಂದಲೂ ಇದೇ ಪರಿಣಾಮ. ಹಳದಿ ಹಸಿರು ಬಣ್ಣದ ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ನೆಲದ ಮಟ್ಟದಲ್ಲಿ, ನೆಲಮಾಳಿಗೆಯಲ್ಲಿ ತುಂಬಿಕೊಂಡು ಶ್ವಾಸಕೋಶವನ್ನು ಸುಡುತ್ತದೆ. ತೇವ ತಗುಲಿದ ಪುಡಿಯಿಂದ ಕ್ಲೋರಿನ್ ಸೋರಿ ಸರಕಿನ ಶಕ್ತಿ ಕುಂದುವುದರಿಂದ ವ್ಯಾಪಾರಿಗೆ ನಷ್ಟವೂ ಉಂಟು.

ಅಲ್ಯೂಮಿನಿಯಂ ಫಾಸ್ಫೈಡ್: ಧಾನ್ಯದ ಹುಳು ನಾಶಕ್ಕೆ ಬಳಸುವ ಈ ಮಾತ್ರೆ ಗಾಳಿಯ ತೇವದಿಂದಲೇ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ ಹೊರಬರುತ್ತದೆ. ಮಾತ್ರೆಗಳ ರಾಶಿಗೆ ನೀರು ಬಿದ್ದರೆ ಅನಿಲ ತಾನಾಗಿಯೇ ಹೊತ್ತಿಕೊಳ್ಳಬಹುದು. ಇದರ ಬಳಕೆ ನಿರ್ಬಂಧಿತವಾಗಿದ್ದು, ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ನಡೆಯಬೇಕು.

ಈ ಮೂರೂ ಪ್ರಸಂಗಗಳಲ್ಲಿ ಅಪಾಯದ ಮೂಲ ಒಂದೇ. ಘನ ಪದಾರ್ಥ ಅನಿಲವಾದಾಗ ಅದರ ಗಾತ್ರ ನೂರಾರು ಪಟ್ಟು ಹಿಗ್ಗುತ್ತದೆ. ಮುಚ್ಚಿದ ಡಬ್ಬ ಸಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಅನಿಲ ಸಂಚಯವಾಗುತ್ತದೆ.

ಆದುದರಿಂದ ಗೋದಾಮಿನ ಮಾಲೀಕರು ಈ ಕ್ರಮಗಳನ್ನು ಅನುಸರಿಸುವುದು ಉಚಿತ:

1. ಆಮ್ಲ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಕೋಣೆಯಲ್ಲಿ ಇಡಬಾರದು.

2. ಮಳೆಗಾಲಕ್ಕೆ ಮುನ್ನ ಛಾವಣಿಯ ಸೋರಿಕೆಯನ್ನು ಸರಿಪಡಿಸಿ, ಸರಕನ್ನು ನೆಲದಿಂದ ಎತ್ತರದ ಹಲಗೆಗಳ ಮೇಲೆ ಜೋಡಿಸಬೇಕು.

3. ಗಾಳಿ ಕೆಳಮಟ್ಟದಲ್ಲಿಯೂ ಮೇಲ್ಮಟ್ಟದಲ್ಲಿಯೂ ಆಡುವಂತೆ ಕಿಂಡಿಗಳಿರಬೇಕು.

4. ಪ್ರತಿ ಸರಕಿನೊಡನೆ ತಯಾರಕರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದು, ಅದರ ಸಾರಾಂಶವನ್ನು ಹಮಾಲರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಬರೆಸಿ ಬಾಗಿಲ ಬಳಿ ತೂಗುಹಾಕಬೇಕು.

ಅವಘಡದ ವೇಳೆ ಮೊದಲು ಒಳಹೋಗುವವರು ಹಮಾಲರೇ. ಯಾವ ಸರಕಿಗೆ ನೀರು ಸಲ್ಲದು ಎಂಬುದು ಮಾಲೀಕರಿಗಷ್ಟೇ ಗೊತ್ತಿದ್ದರೆ ಸಾಲದು. ಅವರಿಗೂ ಮೊದಲೇ ತಿಳಿದಿರಬೇಕು.