ಮನೆಯೊಳಗಿನ ಗಿಡ: ಮೊದಲು ಬೆಳಕು, ಆಮೇಲೆ ನೀರು

ಬಿಸಿಲು ನೆತ್ತಿಗೇರಿದಾಗ ಅಂಗಳದಲ್ಲಿ ಬೆಳಕು ಅಳೆದರೆ ಸುಮಾರು 1,00,000 ಲಕ್ಸ್ ಇರುತ್ತದೆ. ಅದೇ ಹೊತ್ತಿಗೆ ಹಾಲ್‌ನ ಸೋಫಾ ಪಕ್ಕದಲ್ಲಿ ಅಳೆದರೆ 200–300 ಲಕ್ಸ್ ಸಿಕ್ಕರೆ ಹೆಚ್ಚು. ಮುನ್ನೂರು ಪಟ್ಟಿಗೂ ಮೀರಿದ ಈ ಅಂತರ ನಮಗೆ ಗೊತ್ತೇ ಆಗುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿನ ಪಾಪೆ ಹಿಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ಪೇಪರ್ ಓದುವಷ್ಟು ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. "ನಮ್ಮದು ಬೆಳಕಿನ ಮನೆ, ಆದರೂ ಗಿಡ ಉಳಿಯೋದಿಲ್ಲ" ಎಂದು ಹೇಳುವವರು ಕಣ್ಣನ್ನು ನಂಬಿದವರು. ಬೆಳಕೇ ಗಿಡದ ಊಟ. ಊಟ ಎಷ್ಟು ಸಿಗುತ್ತದೆ ಎಂದು ತಿಳಿಯದೆ ನೀರು, ಗೊಬ್ಬರ ಯಾವುದನ್ನೂ ಲೆಕ್ಕ ಹಾಕಲಾಗದು.

ಲೆಕ್ಕಕ್ಕೆ ಉಪಕರಣವೇ ಬೇಕೆಂದಿಲ್ಲ. ಮಧ್ಯಾಹ್ನದ ಹೊತ್ತು ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಹೂ ಬಿಡುವ ಗಿಡವನ್ನೂ ಇಡಬಹುದು. ಮಸುಕಾದ ಕೈಯಾಕಾರ ಕಂಡರೆ ಎಲೆಗಿಡಗಳಿಗೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ.

ಇನ್ನು ಕಿಟಕಿಯ ವಿಚಾರ. ದಕ್ಷಿಣದ ಕಿಟಕಿಗೇ ಹೆಚ್ಚು ಬೆಳಕು, ಉತ್ತರದ್ದು ಸದಾ ನೆರಳು ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಅದು ಲಂಡನ್ನಿಗೆ ಸರಿ, ನಮಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ಬೀಳುತ್ತದೆ. ದಕ್ಷಿಣದ ಕಿಟಕಿಯ ಸರದಿ ಬರುವುದು ಚಳಿಗಾಲದಲ್ಲಿ. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಕಿಟಕಿ, ಎಳೆಬಿಸಿಲು ಎಲೆಯನ್ನು ಸುಡುವುದಿಲ್ಲ. ಬೇಸಿಗೆಯಲ್ಲಿ ಪಶ್ಚಿಮದ ಕಿಟಕಿಗೆ ತೆಳು ಪರದೆ ಬೇಕೇ ಬೇಕು. ಸಜ್ಜಾ, ಸೊಳ್ಳೆ ಜಾಲರಿ, ಎದುರುಮನೆಯ ಗೋಡೆ, ಎಲ್ಲವೂ ತಮ್ಮ ಪಾಲಿನ ಬೆಳಕನ್ನು ಕಸಿಯುತ್ತವೆ. ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿದರೂ ಬೆಳಕು ಗಣನೀಯವಾಗಿ ಇಳಿಯುತ್ತದೆ.

ಮನೆಯೊಳಗೆ ಬಾಳುವ ಗಿಡಗಳ ತವರನ್ನು ನೋಡಿದರೆ ಅವುಗಳ ಸ್ವಭಾವ ಅರ್ಥವಾಗುತ್ತದೆ. ಮನಿ ಪ್ಲಾಂಟ್ ಶಾಂತ ಸಾಗರದ ಮೊಒರೆಯಾ ದ್ವೀಪದ ಬಳ್ಳಿ. ದಟ್ಟ ಮಳೆಕಾಡಿನಲ್ಲಿ ನೆಲಮುಟ್ಟುವ ಬೆಳಕು ಶೇಕಡ ಒಂದೆರಡು ಪಾಲು ಮಾತ್ರ. ಅಂಥ ಕಡೆ ಹುಟ್ಟಿ, ಬೆಳಕು ಹುಡುಕುತ್ತ ಮರ ಹತ್ತುವ ಜಾತಿ ಅದು. ಪಶ್ಚಿಮ ಆಫ್ರಿಕಾದ ಸ್ನೇಕ್ ಪ್ಲಾಂಟ್ ನೀರು ಉಳಿಸಲೆಂದು ಪತ್ರರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆಯುತ್ತದೆ. ಪೂರ್ವ ಆಫ್ರಿಕಾದ ಝೀಝೀ ಗಿಡವನ್ನು ಕುಂಡದಿಂದ ಕಿತ್ತು ನೋಡಿದರೆ ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ, ಅವೇ ಅದರ ನೀರಿನ ತೊಟ್ಟಿ. ಆದರೂ ನೆರಳನ್ನು ತಾಳಿಕೊಳ್ಳುವುದು ಬೇರೆ, ನೆರಳಿನಲ್ಲಿ ಸೊಂಪಾಗಿ ಬೆಳೆಯುವುದು ಬೇರೆ. ಮನಿ ಪ್ಲಾಂಟಿನ ಹಳದಿ ಪಟ್ಟೆ ಮಾಸಿ ಎಲೆ ಚಿಕ್ಕದಾಗುತ್ತ ಗೆಣ್ಣಿಂದ ಗೆಣ್ಣಿಗೆ ದೂರವಾದರೆ ಅದು ಬೆಳಕಿಗಾಗಿ ತಡಕಾಡುತ್ತಿದೆ ಎಂದೇ ತಿಳಿಯಿರಿ. ತುಳಸಿಯನ್ನಂತೂ ಒಳಗೆ ತರಲೇಬೇಡಿ. ಅದು ಬಿಸಿಲಿನ ಗಿಡ, ತುಳಸಿಕಟ್ಟೆ ಅಂಗಳದಲ್ಲಿದ್ದರೇ ಅದಕ್ಕೆ ಕ್ಷೇಮ.

ಬೆಳಕು ಕಡಿಮೆಯಾದರೆ ಗಿಡ ಕುಡಿಯುವ ನೀರೂ ಕಡಿಮೆ. ಎಲೆಗಳಿಂದ ನೀರು ಆವಿಯಾಗಿ ಹೊರಹೋದಷ್ಟೇ ಬೇರು ಮೇಲಕ್ಕೆಳೆಯುತ್ತದೆ. ಮಂದ ಬೆಳಕಿನಲ್ಲಿ ಈ ಕೆಲಸ ನಿಧಾನ. ಹೊರಗಿನ ಗಿಡಕ್ಕೆ ಹಾಕಿದಂತೆ ಒಳಗಿನ ಗಿಡಕ್ಕೂ ದಿನಾ ಒಂದು ಚೊಂಬು ಸುರಿದರೆ ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ತುಂಬಿಕೊಳ್ಳುತ್ತದೆ. ಬೇರಿಗೂ ಆಮ್ಲಜನಕ ಬೇಕು, ಅದು ಸಿಗದಿದ್ದರೆ ಬೇರು ಕಂದುತ್ತದೆ, ಮೆತ್ತಗಾಗುತ್ತದೆ, ಕೊಳೆರೋಗ ಹತ್ತುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿದ್ದೂ ಗಿಡ ಬಾಯಾರಿದಂತೆ ಜೋಲುತ್ತದೆ, ನಾವು ಮರುಗಿ ಮತ್ತೊಂದು ಚೊಂಬು ಸುರಿಯುತ್ತೇವೆ. ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ಹೀಗೇ. ಜೋತ ಗಿಡ ಕಂಡಾಗ ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ. ತಂಪಾಗಿ ಅಂಟಿದರೆ ಚೊಂಬನ್ನು ಕೆಳಗಿಡಿ.

"ವಾರಕ್ಕೆರಡು ಸಲ" ಎಂಬ ನರ್ಸರಿಯ ಸಲಹೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಕಲಬುರಗಿಯ ಮೇ ತಿಂಗಳ ಒಣಗಾಳಿಗೂ ಮಂಗಳೂರಿನ ಜುಲೈ ತಿಂಗಳ ಮೋಡಕ್ಕೂ ಒಂದೇ ಲೆಕ್ಕ ಹೊಂದುವುದುಂಟೆ? ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕೈ ಬಿಗಿಹಿಡಿಯಲೇಬೇಕು. ಆಗ ಬೆಳಕೂ ಇಲ್ಲ, ಗಾಳಿಯಲ್ಲೇ ನೀರಿರುತ್ತದೆ. ನೀರು ಹಾಕಿದ ದಿನ ಒಮ್ಮೆ ಕುಂಡ ಎತ್ತಿ ತೂಕ ನೋಡಿ, ನಾಲ್ಕು ದಿನ ಬಿಟ್ಟು ಮತ್ತೆ ಎತ್ತಿ. ಸ್ವಲ್ಪ ದಿನದಲ್ಲೇ ಕೈಗೆ ಅಂದಾಜು ಹತ್ತುತ್ತದೆ. ಹಾಕುವಾಗ ಮಾತ್ರ ಕೆಳಗಿನ ತೂತಿನಿಂದ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿ ಹಾಕುವ ರೂಢಿ ಬಹಳ ಕಡೆ ಇದೆ. ಇದರಿಂದ ಉಪಯೋಗವಿಲ್ಲ, ತೊಂದರೆಯೇ ಹೆಚ್ಚು. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡಡ್ಡ ಹಿಡಿದುಕೊಳ್ಳಿ. ತೊಟ್ಟಿಕ್ಕಿ ತೊಟ್ಟಿಕ್ಕಿ ಒಂದು ಹಂತದಲ್ಲಿ ನಿಲ್ಲುತ್ತದೆ. ಈಗ ಅದೇ ಸ್ಪಂಜನ್ನು ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತಷ್ಟು ನೀರು ಇಳಿಯುತ್ತದೆ. ತಳದಿಂದ ಇಷ್ಟು ಎತ್ತರದವರೆಗೆ ಎಂದು ಒಂದು ಪದರ ನೀರು ಉಳಿದೇ ಉಳಿಯುತ್ತದೆ, ಸ್ಪಂಜು ಎತ್ತರವಾದಷ್ಟೂ ಆ ಪದರದ ಮೇಲೆ ಒಣಜಾಗ ಹೆಚ್ಚು. ಮಣ್ಣಿನಲ್ಲೂ ಇದೇ ನಡೆಯುವುದು. ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ ಆ ಒದ್ದೆ ಪದರ ಜಲ್ಲಿಯ ಮೇಲೆ ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರಿಟ್ಟರೆ ಸಾಕು. ಬಸಿಯುವ ಗುಣ ಇಡೀ ಮಣ್ಣಿಗೇ ಬರಬೇಕು. ಕೆಮ್ಮಣ್ಣು, ತೊಳೆದ ಕೋಕೋಪೀಟ್, ಎರೆಗೊಬ್ಬರ, ಜೊತೆಗೆ ದಪ್ಪ ಮರಳೋ ಪರ್ಲೈಟೋ ಬೆರೆಸಿ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದೆ ಬಳಸಬೇಡಿ.

ನರ್ಸರಿಯಿಂದ ತಂದ ಗಿಡದ ಕಪ್ಪು ಚೀಲ ಬಿಚ್ಚಿದಾಗ ಬೇರಿನ ಸುತ್ತ ಜಿಗುಟು ಮಣ್ಣಿನ ಗಟ್ಟಿ ಉಂಡೆ ಕಂಡರೆ ಅದನ್ನು ಹಾಗೇ ಹೊಸ ಕುಂಡಕ್ಕೆ ಇಳಿಸಬೇಡಿ. ಒಮ್ಮೆ ಒಣಗಿದರೆ ಆ ಉಂಡೆ ಇಟ್ಟಿಗೆಯಷ್ಟು ಗಡುಸಾಗುತ್ತದೆ, ನೀರು ಅದನ್ನು ಬಳಸಿಕೊಂಡು ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೇರು ಹರಿಯದಂತೆ ಹೊರಪದರವನ್ನು ಬೆರಳಿನಿಂದ ಬಿಡಿಸಿ, ಆಮೇಲೆ ನೆಡಿ.

ನೀರು ಎಂಥದು ಎನ್ನುವುದೂ ಮುಖ್ಯ. ಬೋರ್‌ವೆಲ್ ನೀರಿನ ಸುಣ್ಣದಂಶ ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಸುರಿದು ಉಳಿತಾಯ ಮಾಡಿದೆವು ಎಂದುಕೊಳ್ಳುವವರಿದ್ದಾರೆ. ಅದರಲ್ಲಿ ಲವಣ ಇನ್ನೂ ಸಾಂದ್ರವಾಗಿರುತ್ತದೆ, ಅದನ್ನು ನೆಲ ಒರೆಸಲು ಬಳಸಿ. ಅಪಾರ್ಟ್‌ಮೆಂಟಿನ ಸಾಫ್ಟನರ್ ದಾಟಿದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಕುಂಡಕ್ಕೆ ಹಿತವಲ್ಲ. ಸಾಧ್ಯವಿದ್ದರೆ ಮಳೆನೀರು ಹಿಡಿದಿಡಿ. ಇಲ್ಲವಾದರೆ ಎರಡು ಮೂರು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೊಯ್ದು, ಸಿಕ್ಕುವುದರಲ್ಲೇ ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ ಲವಣ ತೊಳೆದುಹೋಗಲಿ. ಎಲೆಯ ಧೂಳೂ ಆಗಲೇ ಹೋಗುತ್ತದೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಧೂಳನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಗೊಬ್ಬರ ಕಡಿಮೆ ಸಾಕು, ಚಿಗುರುವ ತಿಂಗಳುಗಳಲ್ಲಿ ಒಂದು ಹಿಡಿ ಎರೆಗೊಬ್ಬರ. ಹಿಂಡಿಗಳು ಮನೆಯೊಳಗೆ ನಾರುತ್ತವೆ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಕೂತ ಹಿಟ್ಟು ತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನುಸಿ ಹಾರಾಡುತ್ತಿದ್ದರೆ ಔಷಧಿ ಹುಡುಕುವ ಮೊದಲು ನೀರು ಕಡಿಮೆ ಮಾಡಿ.

ಗಿಡಗಳು ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ನಂಬಿ ಕೊಳ್ಳುವವರು ಬಹಳ. 1989ರಲ್ಲಿ ನಾಸಾಕ್ಕಾಗಿ ಬಿ. ಸಿ. ವುಲ್ವರ್ಟನ್ ನಡೆಸಿದ ಪ್ರಯೋಗ ಈ ಮಾತಿಗೆ ಮೂಲ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕಹಾಕಿ, ಕಟ್ಟಡದೊಳಕ್ಕೆ ಸಹಜವಾಗಿ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾದೀತು ಎಂದರು. ಕಿಟಕಿ ತೆರೆದಿಡಿ. ಗಿಡವನ್ನು ಅದರ ಹಸಿರಿಗಾಗಿಯೇ ಸಾಕಿ, ಅದು ಸಣ್ಣ ಕಾರಣವೇನಲ್ಲ.

ಎಳೆಮಕ್ಕಳು, ಬೆಕ್ಕು ಇರುವ ಮನೆಯವರು ಒಂದು ಎಚ್ಚರ ವಹಿಸಬೇಕು. ಮನಿ ಪ್ಲಾಂಟ್, ಡೀಫೆನ್‌ಬಾಕಿಯ, ಪೀಸ್ ಲಿಲಿ, ಝೀಝೀ ಎಲ್ಲವೂ ಕೆಸು ಮತ್ತು ಸುವರ್ಣಗೆಡ್ಡೆಯ ಕುಟುಂಬದವು. ಪತ್ರೊಡೆಗೆ ಹುಣಸೆಹುಳಿ ಸಾಲದಾದಾಗ ಗಂಟಲು ತುರಿಸುತ್ತದಲ್ಲ, ಅದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇವುಗಳಲ್ಲೂ ಇವೆ. ಎಲೆ ಅಗಿದರೆ ಬಾಯಿ ಉರಿಯುತ್ತದೆ, ನಾಲಗೆ ಊದಬಹುದು. ಅಂಬೆಗಾಲಿಡುವ ಮಗುವಿದ್ದರೆ ಇವನ್ನು ಕೈಗೆಟುಕದ ಎತ್ತರದಲ್ಲಿಡಿ. ಮಗು ಎಲೆ ಕಚ್ಚಿದ್ದು ಕಂಡರೆ ಚೂರುಗಳನ್ನು ತೆಗೆದು ಬಾಯಿ ಒರೆಸಿ, ತಣ್ಣೀರು ಕುಡಿಸಿ. ಊತ ಬಂದರೆ ಅಥವಾ ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಜೊತೆಗೆ ಆ ಗಿಡದ ಒಂದು ಎಲೆಯನ್ನೂ ಒಯ್ಯಿರಿ.